ಸಂಧಿಪತ್ರಗಳ ನಡುವೆ ವಯನಾಡು

‘ಸಂಧಿ’ ಎಂದೊಡನೆ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ಲೋಪ, ಆಗಮ, ಆದೇಶಗಳು ನೆನಪಾಗುವುದು ಸಹಜ. ಆದರೆ ನಮ್ಮ ಶಾಸನಗಳಲ್ಲಿ ಈ ಪದಕ್ಕೆ ಇನ್ನೊಂದು ಮುಖವಿದೆ. ಅನ್ಯರಾಜ್ಯಗಳೊಡನೆ ಶಾಂತಿ ಮತ್ತು ಯುದ್ಧದ ವ್ಯವಹಾರಗಳನ್ನು ನೋಡಿಕೊಳ್ಳುತ್ತಿದ್ದ ಅಧಿಕಾರಿಯನ್ನು ‘ಸಂಧಿವಿಗ್ರಹಿ’ ಎನ್ನುತ್ತಿದ್ದರು. ಕನ್ನಡ ‘ಪಂಚತಂತ್ರ’ದ ಕರ್ತೃವಾದ ದುರ್ಗಸಿಂಹನು ಚಾಲುಕ್ಯ ಜಯಸಿಂಹ ಜಗದೇಕಮಲ್ಲನಲ್ಲಿ ಇದೇ ಹುದ್ದೆಯಲ್ಲಿದ್ದನು. ಆದ್ದರಿಂದ ಸಂಧಿಪತ್ರವು ಸಾಹಿತ್ಯಾಭ್ಯಾಸಿಗೆ ಹೊರಗಿನ ವಸ್ತುವೇನಲ್ಲ. ಅದೂ ಒಂದು ಪಠ್ಯವೇ. ಅದರಲ್ಲಿ ಏನು ಬರೆದಿದೆ, ಏನು ಬಿಟ್ಟುಹೋಗಿದೆ, ಯಾವುದಕ್ಕೆ ಯಾವ ಹೆಸರಿಟ್ಟಿದೆ ಎಂಬುದನ್ನು ಓದಬೇಕು. ಮಾನಂದವಾಡಿಯ ಸುತ್ತಲಿನ ನೆಲದ ಚರಿತ್ರೆ ಇದಕ್ಕೆ ಹತ್ತಿರದ ನಿದರ್ಶನವಾಗಿದೆ.

ಮೊದಲು ಮಂಗಳೂರಿನ ಸಂಧಿಯನ್ನು ನೋಡೋಣ. 1783ರಲ್ಲಿ ಯೂರೋಪಿನಲ್ಲಿ ಇಂಗ್ಲೆಂಡ್ ಮತ್ತು ಫ್ರಾನ್ಸುಗಳು ಯುದ್ಧ ನಿಲ್ಲಿಸಲು ಒಪ್ಪಿದವು. ಆ ಸುದ್ದಿ ಬಂದೊಡನೆ, ಮಂಗಳೂರಿನ ಮುತ್ತಿಗೆಯಲ್ಲಿ ಟಿಪ್ಪುವಿನ ಜೊತೆಗಿದ್ದ ಫ್ರೆಂಚ್ ಸೈನಿಕರು ಕದನದಿಂದ ಹಿಂದೆ ಸರಿದರು. ಆದರೂ 1784ರ ಮಾರ್ಚ್ 11ರಂದು ಆದ ಒಪ್ಪಂದ ಸಮಾನರ ಒಪ್ಪಂದವೇ ಆಗಿತ್ತು. ಗೆದ್ದ ನೆಲವನ್ನು ಇಬ್ಬರೂ ಪರಸ್ಪರ ಹಿಂದಿರುಗಿಸಿದರು.

ಎಂಟು ವರ್ಷಗಳ ಬಳಿಕ, 1792ರಲ್ಲಿ, ಶ್ರೀರಂಗಪಟ್ಟಣದ ಒಪ್ಪಂದದ ಭಾಷೆಯೇ ಬೇರೆಯಾಯಿತು. ಕಾರ್ನ್‌ವಾಲಿಸನ ಕಂಪನಿ ಸೇನೆ, ನಿಜಾಮ, ಮರಾಠರು ಒಂದಾಗಿ ಟಿಪ್ಪುವನ್ನು ಮಣಿಸಿದ್ದರು. ಅವನು ರಾಜ್ಯದ ಅರ್ಧಭಾಗವನ್ನು ಬಿಟ್ಟುಕೊಡಬೇಕು, 3 ಕೋಟಿ 30 ಲಕ್ಷ ರೂಪಾಯಿ ತೆರಬೇಕು, ಹಣ ಸಲ್ಲುವವರೆಗೆ ಇಬ್ಬರು ಮಕ್ಕಳನ್ನು ಒತ್ತೆಯಿಡಬೇಕು ಎಂದಾಯಿತು. ಅಬ್ದುಲ್ ಖಾಲಿಕ್ ಮತ್ತು ಮುಯಿಜುದ್ದೀನ್ ಎಂಬ ಆ ಬಾಲಕರು ತಂದೆಯ ಬಳಿಗೆ ಮರಳಿದ್ದು 1794ರಲ್ಲಿ. ಒತ್ತೆಯ ಕತೆ ಮನಸ್ಸನ್ನು ಹಿಡಿಯುತ್ತದೆ, ಚಿತ್ರಕಾರರೂ ಅದನ್ನೇ ಚಿತ್ರಿಸಿದರು. ಆದರೆ ಪೆಟ್ಟು ಬಿದ್ದದ್ದು ಬೊಕ್ಕಸಕ್ಕೆ. ಸೈನ್ಯ ನಡೆಯುವುದು ಕಂದಾಯದಿಂದ; ಅರ್ಧ ಕಂದಾಯ ಹೋಗಿ ಅದರ ಮೇಲೆ ದಂಡವೂ ಬಿದ್ದರೆ ಮುಂದಿನ ಯುದ್ಧದ ಖರ್ಚಿಗೆ ಏನು ಉಳಿದೀತು? ಮೆಣಸಿನ ನಾಡಾದ ಮಲಬಾರು ಕಂಪನಿಯ ಪಾಲಾದದ್ದೂ ಆಗಲೇ.

ವಯನಾಡು? ಮಲಬಾರು ಬಂದಮೇಲೆ ವಯನಾಡೂ ಬಂದಂತೆ ಎಂಬುದು ಕಂಪನಿಯ ವಾದ. ಅದನ್ನು ತಾನು ಕೊಟ್ಟೇ ಇಲ್ಲ ಎಂಬುದು ಟಿಪ್ಪುವಿನ ನಿಲುವು. ಕೊನೆಗೆ 1798ರಲ್ಲಿ ಗವರ್ನರ್ ಜನರಲ್ ವೆಲ್ಲೆಸ್ಲಿಯೇ, 1792ರ ಒಪ್ಪಂದದಲ್ಲಿ ವಯನಾಡು ಸೇರಿರಲಿಲ್ಲವೆಂದು ಒಪ್ಪಿಕೊಂಡನು. ಇದನ್ನು ಲೋಪಸಂಧಿ ಎಂದರೆ ವೈಯಾಕರಣರು ಮುನಿಯಲಾರರು. ಈ ನಡುವೆ ಕೋಟ್ಟಯಂ ರಾಜವಂಶದ ಪಳಶ್ಶಿರಾಜನು (ಇದು ಉತ್ತರ ಮಲಬಾರಿನ ಕೋಟ್ಟಯಂ, ದಕ್ಷಿಣದ ಪಟ್ಟಣವಲ್ಲ) ಕಂದಾಯದ ಹಕ್ಕಿಗಾಗಿ ಕಂಪನಿಯೊಡನೆ ಕಾದಾಡುತ್ತ ವಯನಾಡಿನ ಕಾಡುಗಳನ್ನು ಆಶ್ರಯಿಸಿದ್ದನು. 1797ರಲ್ಲಿ ಕಂಪನಿ ಅವನೊಡನೆ ರಾಜಿ ಮಾಡಿಕೊಂಡು ವರ್ಷಕ್ಕೆ 8,000 ರೂಪಾಯಿ ಕೊಡಲು ಒಪ್ಪಿತು. ಕಾಡಿನ ಯುದ್ಧಕ್ಕಿಂತ ವರ್ಷಾಶನವೇ ಅಗ್ಗವಾಗಿ ಕಂಡಿರಬೇಕು.

1799ರ ಮೇ 4ರಂದು ಟಿಪ್ಪು ಮಡಿದನು. ಜುಲೈ 8ರಂದು, ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ಮೈಸೂರು ಹೊಸ ಒಪ್ಪಂದಕ್ಕೆ ಒಳಪಟ್ಟಿತು. ರಾಜ್ಯದ ರಕ್ಷಣೆಗೆ ಕಂಪನಿಯ ಸೈನ್ಯ ನಿಲ್ಲುವುದು, ಅದಕ್ಕಾಗಿ ಮೈಸೂರು ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡಾ, ಅಂದರೆ ಸುಮಾರು 24.5 ಲಕ್ಷ ರೂಪಾಯಿ, ಕೊಡುವುದು. ಈ ಹಣವನ್ನು ಇಂಗ್ಲಿಷಿನಲ್ಲಿ ‘ಸಬ್ಸಿಡಿ’ ಎಂದರು. ಇಂದು ಆ ಮಾತನ್ನು ‘ಸಹಾಯಧನ’ ಎಂದು ಅನುವಾದಿಸುತ್ತೇವೆ. ಬಲವುಳ್ಳವರು ಬಡವರಿಗೆ ಕೊಡುವ ನೆರವು ಎಂಬ ಭಾವ ಮೂಡುತ್ತದೆ. ಇಲ್ಲಿ ಕೊಡುವವನು ದುರ್ಬಲ, ಪಡೆಯುವವನು ಪ್ರಬಲ. ಅದಕ್ಕೆ ‘ಕಪ್ಪ’ ಎಂಬ ನಮ್ಮ ಹಳೆಯ ಪದವೇ ಹೆಚ್ಚು ಪ್ರಾಮಾಣಿಕವಾಗಿದೆ ಎಂದು ನನಗೆ ತೋರುತ್ತದೆ. ಹಣ ಬರುವುದು ಸಂದೇಹವೆನಿಸಿದರೆ ಆಡಳಿತವನ್ನೇ ವಹಿಸಿಕೊಳ್ಳುವ ಅಧಿಕಾರವನ್ನು ನಾಲ್ಕನೆಯ ಕಲಮು ಕಂಪನಿಗೆ ಕೊಟ್ಟಿತ್ತು. 1831ರಲ್ಲಿ ಕಂಪನಿ ಈ ಒಪ್ಪಂದವನ್ನೇ ಮುಂದಿಟ್ಟು ಅರಸರಿಂದ ಆಡಳಿತವನ್ನು ಕಿತ್ತುಕೊಂಡಿತು. 1881ರಲ್ಲಿ ರಾಜ್ಯ ಮರಳಿ ದೊರೆತಾಗ ಕಪ್ಪದ ಮೊತ್ತ 35 ಲಕ್ಷವೆಂದು ನಿಗದಿಯಾಯಿತು. ಏರಿಕೆಯ ವಸೂಲಿಯನ್ನು ಮಾತ್ರ ಕೆಲಕಾಲ ಮುಂದೂಡಲಾಯಿತು.

ಟಿಪ್ಪುವಿನ ಪತನದ ಬಳಿಕ ಕಂಪನಿ ವಯನಾಡನ್ನು ತನ್ನದೆಂದಿತು. ಯಾವ ಪತ್ರಕ್ಕೂ ಸಹಿ ಹಾಕದ ಈ ನೆಲದ ಜನರು ಅದನ್ನು ಒಪ್ಪಲಿಲ್ಲ. 1802ರ ಅಕ್ಟೋಬರಿನಲ್ಲಿ ಎಡಚ್ಚೇನ ಕುಂಕನ್ ನಾಯರ್ ಹಾಗೂ ಕುರಿಚ್ಯರ ನಾಯಕ ತಲಕ್ಕಲ್ ಚಂದು ಪನಮರಂ ಕೋಟೆಯನ್ನು ಹಿಡಿದರು. ಹೋರಾಟ ಮತ್ತೆ ಮೂರು ವರ್ಷ ನಡೆಯಿತು. 1805ರ ನವೆಂಬರ್ 30ರಂದು ಪಳಶ್ಶಿರಾಜನು ಮಡಿದನು. ಅವನ ದೇಹವನ್ನು ಮಾನಂದವಾಡಿಗೆ ತಂದರು. ಅವನ ಸಮಾಧಿ ಇಂದಿಗೂ ಊರಿನ ಗುಡ್ಡದ ಮೇಲಿದೆ.