ಕಟ್ಟೆ ಬತ್ತಿದರೆ ವೆಬ್‌ಸೈಟ್ ಕೆಲಸವೂ ಬತ್ತಬೇಕೇ?

ಆರ್ಥಿಕ ಹಿಂಜರಿತ ಎಂದೊಡನೆ ಷೇರುಪೇಟೆ, ಅಮೆರಿಕ, ಬೆಂಗಳೂರಿನ ಐಟಿ ಕಂಪನಿಗಳು ನೆನಪಾಗುತ್ತವೆ. ತಾಲ್ಲೂಕು ಕೇಂದ್ರದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು, ಡಿಟಿಪಿ, ಫ್ಲೆಕ್ಸ್ ಕೆಲಸದ ಜೊತೆಗೆ ವೆಬ್‌ಸೈಟ್ ಮಾಡಿಕೊಡುವವರ ಬಾಗಿಲಿಗೆ ಅದು ಬರುವ ದಾರಿ ಬೇರೆ. ಇಲ್ಲಿ ಅದು ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟದಲ್ಲಿ, ಕಬ್ಬಿನ ಬಾಕಿಯಲ್ಲಿ, ಖಾಲಿ ಬಿದ್ದ ಲಾಡ್ಜಿನ ಕೋಣೆಗಳಲ್ಲಿ ಕಾಣಿಸಿಕೊಳ್ಳುತ್ತದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಒಂದಕ್ಕೊಂದು ಹತ್ತಿರವೇ ಇದ್ದರೂ ಅವುಗಳ ಕೈ ಬರಿದಾಗುವುದು ಒಂದೇ ಹೊತ್ತಿಗಲ್ಲ, ಒಂದೇ ಕಾರಣಕ್ಕೂ ಅಲ್ಲ. ಈ ವೃತ್ತಿಯಲ್ಲಿ ಉಳಿಯಬೇಕೆಂದರೆ ಈ ವ್ಯತ್ಯಾಸವನ್ನೇ ಬಂಡವಾಳ ಮಾಡಿಕೊಳ್ಳಬೇಕು.

ಮೊದಲು ಗಿರಾಕಿಗಳ ಪಟ್ಟಿ ಮಾಡಿ, ಪ್ರತಿ ಹೆಸರಿನ ಮುಂದೆ ಅವರಿಗೆ ದುಡ್ಡು ಎಲ್ಲಿಂದ ಬರುತ್ತದೆ ಎಂದು ಬರೆದುಕೊಳ್ಳಿ. ಪಾಂಡವಪುರದ ಗೊಬ್ಬರದಂಗಡಿ, ಟ್ರ್ಯಾಕ್ಟರ್ ಮಾರಾಟಗಾರ, ಕಲ್ಯಾಣ ಮಂಟಪ ಮೂರೂ ಬೇರೆ ಬೇರೆ ವ್ಯಾಪಾರದಂತೆ ಕಂಡರೂ ಮೂರರ ಬೇರು ಕಬ್ಬಿನ ಗದ್ದೆಯಲ್ಲಿದೆ. ಅಲ್ಲಿನ ಸಹಕಾರಿ ಸಕ್ಕರೆ ಕಾರ್ಖಾನೆ ಕೆಲವು ವರ್ಷ ಸ್ಥಗಿತವಾಗಿ, 2020ರಲ್ಲಿ 40 ವರ್ಷದ ಗುತ್ತಿಗೆಗೆ ಹೋಯಿತು. 2023ರಲ್ಲಿ ಕಟ್ಟೆ ತನ್ನ ಗರಿಷ್ಠ ಮಟ್ಟವಾದ 124.80 ಅಡಿ ಮುಟ್ಟಲಿಲ್ಲ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ನೀರಿಲ್ಲದ ವರ್ಷ ಮದುವೆಗಳೇ ಮುಂದಕ್ಕೆ ಹೋಗುವಾಗ ಮಂಟಪದವರು ವೆಬ್‌ಸೈಟಿಗೆ ಕೈ ಹಾಕುವುದುಂಟೇ? ಶ್ರೀರಂಗಪಟ್ಟಣದ ಕಥೆ ಪ್ರವಾಸಿಗರದ್ದು: 2020ರ ಲಾಕ್‌ಡೌನ್ ಅದನ್ನು ಒಂದೇ ರಾತ್ರಿಯಲ್ಲಿ ನಿಲ್ಲಿಸಿತು. ಕೆ.ಆರ್. ಪೇಟೆಯ ಎಷ್ಟೋ ಮನೆಗಳಿಗೆ ಮುಂಬೈಯ ದುಡಿಮೆಯೇ ಆಸರೆ. 2020ರ ಮೇ ತಿಂಗಳಲ್ಲಿ ಮುಂಬೈಯಿಂದ ಮರಳಿದವರಿಂದ ಅಲ್ಲಿನ ಕ್ವಾರಂಟೈನ್ ಕೇಂದ್ರಗಳು ತುಂಬಿದ್ದನ್ನು ಯಾರೂ ಮರೆತಿಲ್ಲ. ಮಳೆಯಾಶ್ರಿತ ನಾಗಮಂಗಲದಲ್ಲಿ ಆದಿಚುಂಚನಗಿರಿಯ ಶಿಕ್ಷಣ ಸಂಸ್ಥೆಗಳ ಸಂಬಳದ ದುಡ್ಡು ಬೆಳೆ ಹೋದರೂ ಚಲಾವಣೆಯಲ್ಲಿರುತ್ತದೆ. ನಿಮ್ಮ ಪಟ್ಟಿಯಲ್ಲಿ ಮುಕ್ಕಾಲು ಪಾಲು ಒಂದೇ ಮೂಲದವರಾದರೆ ನೀವೂ ಒಂದೇ ಬೆಳೆ ನೆಚ್ಚಿದ ರೈತನೇ. ಹೊಸ ಗಿರಾಕಿಯನ್ನು ಪಕ್ಕದ ತಾಲ್ಲೂಕಿನಲ್ಲಿ ಹುಡುಕಿ.

ಎರಡನೆಯದು, ದರ ಇಳಿಸುವ ಆಸೆಯನ್ನು ತಡೆಯಿರಿ. ಹಿಂಜರಿತ ಮೊದಲು ಹೊಡೆಯುವುದು ಹೊಸ ಸೈಟಿಗೆ. ಅದನ್ನು ಒಂದು ವರ್ಷ ಮುಂದೂಡಿದರೆ ಗಿರಾಕಿಗೆ ನಷ್ಟವೇನಿಲ್ಲ. ಆದರೆ ಈಗಾಗಲೇ ನಡೆಯುತ್ತಿರುವ ಸೈಟಿನ ಡೊಮೇನ್, ಹೋಸ್ಟಿಂಗ್, ಬ್ಯಾಕಪ್ ಮುಂದೂಡುವಂಥವಲ್ಲ. 15 ಸಾವಿರದ ಕೆಲಸವನ್ನು 9 ಸಾವಿರಕ್ಕೆ ಇಳಿಸಿದರೂ ಬೇಡದವನು ಕೊಳ್ಳುವುದಿಲ್ಲ. ಕೊಳ್ಳುತ್ತಿದ್ದವನಿಗೆ ಮಾತ್ರ ಇನ್ನು ಮುಂದೆ ಅದೇ ದರ. ಅದರ ಬದಲು 30 ಹಳೆಯ ಗಿರಾಕಿಗಳೊಂದಿಗೆ ವರ್ಷಕ್ಕೆ ತಲಾ 4 ಸಾವಿರದ ಉಸ್ತುವಾರಿ ಒಪ್ಪಂದ ಮಾಡಿಕೊಂಡರೆ 1 ಲಕ್ಷ 20 ಸಾವಿರ, ಅಂದರೆ ತಿಂಗಳಿಗೆ 10 ಸಾವಿರ ಖಾತ್ರಿ. ಶ್ರೀಮಂತಿಕೆಯಲ್ಲ, ನಿಜ. ಕೋಣೆ ಬಾಡಿಗೆ, ಕರೆಂಟು, ಇಂಟರ್ನೆಟ್ಟಿನ ಚಿಂತೆ ಮಾತ್ರ ತಪ್ಪುತ್ತದೆ.

ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಂ ಇರುವಾಗ ವೆಬ್‌ಸೈಟ್ ಯಾಕೆ ಎಂಬ ಪ್ರಶ್ನೆ ಬಂದೇ ಬರುತ್ತದೆ. ಊರೊಳಗಿನ ಬೇಕರಿಯ ಮಟ್ಟಿಗೆ ಅದು ಸರಿಯಾದ ಪ್ರಶ್ನೆ. ಅಂಥವರಿಗೆ ಸೈಟ್ ಮಾರುವುದು ನ್ಯಾಯವೂ ಅಲ್ಲ, ಗೂಗಲ್ ನಕ್ಷೆಯಲ್ಲಿ ಅಂಗಡಿ ಸೇರಿಸಿಕೊಟ್ಟರೆ ಸಾಕು. ಆದರೆ ಹೊರಗಿನವರನ್ನೇ ನಂಬಿದ ವ್ಯಾಪಾರವನ್ನು ನೋಡಿ. 2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ದಶಪಥ ಉದ್ಘಾಟನೆಯಾಯಿತು. ಬೈಪಾಸಿನಿಂದಾಗಿ ವಾಹನಗಳು ಶ್ರೀರಂಗಪಟ್ಟಣದ ಪಕ್ಕದಲ್ಲೇ ಸಾಗಿಹೋಗತೊಡಗಿದವು. ಹಳೆಯ ರಸ್ತೆಯ ಹೋಟೆಲೊಂದರ ಪುಟದಲ್ಲಿ ‘ಹೆದ್ದಾರಿ ಪಕ್ಕದಲ್ಲೇ’ ಎಂಬ ಸಾಲು, ಈಗ ಬಳಕೆಯಲ್ಲಿಲ್ಲದ ಫೋನ್ ನಂಬರು, ಹಳೆಯ ಬಾಡಿಗೆ ದರ ಹಾಗೇ ಉಳಿದಿದೆ ಎಂದುಕೊಳ್ಳಿ. ಬೆಂಗಳೂರಿನಿಂದ ಬರುವವನು ಎಲ್ಲಿ ಹೆದ್ದಾರಿ ಬಿಟ್ಟು ಇಳಿಯಬೇಕು, ರಂಗನತಿಟ್ಟಿಗೆ ಅಲ್ಲಿಂದ ಎಷ್ಟು ದೂರ ಎಂಬ ಎರಡು ಸಾಲು ತಿದ್ದಿಕೊಡುವುದೇ ಒಂದು ಕೆಲಸ, ಅದಕ್ಕೆ ದುಡ್ಡು ಕೇಳಲು ಮುಜುಗರ ಬೇಡ. ಬಿಟ್ಟಿ ಪುಟಗಳ ಭರವಸೆಯೂ ಅಷ್ಟಕ್ಕಷ್ಟೇ: ಗೂಗಲ್ ತನ್ನ ಬಿಸಿನೆಸ್ ಪ್ರೊಫೈಲಿನಿಂದ ಮಾಡಿದ ಉಚಿತ ವೆಬ್‌ಸೈಟುಗಳನ್ನು 2024ರ ಮಾರ್ಚ್‌ನಲ್ಲಿ ನಿಲ್ಲಿಸಿಬಿಟ್ಟಿತು. ಇನ್ನು ಎಐ ನಿಮಿಷದಲ್ಲಿ ಸೈಟ್ ಮಾಡುತ್ತದೆ ಎಂಬ ಮಾತು. ಮಾಡುತ್ತದೆ, ಹೌದು. ಆಲೆಮನೆಯ ಬೆಲ್ಲದ ಒಳ್ಳೆಯ ಫೋಟೊ ತೆಗೆಯುವುದು, ಮಾಲೀಕರ ಹಿಂದೆ ಬಿದ್ದು ಹೊಸ ದರ ಬರೆಸುವುದು ಅದರಿಂದಾಗದು. ಹಾಗಾಗಿ ವಿನ್ಯಾಸಕ್ಕಿಂತ ಉಸ್ತುವಾರಿಗೇ ಬೆಲೆ ಕಟ್ಟಿ.

ಮೂರನೆಯದು ವಸೂಲಿ. ಕಷ್ಟದ ವರ್ಷದಲ್ಲಿ ಇಂಥ ಅಂಗಡಿಗಳು ಮುಚ್ಚುವುದು ಕೆಲಸವಿಲ್ಲದೆ ಅಲ್ಲ, ಮಾಡಿದ ಕೆಲಸದ ದುಡ್ಡು ಬಾರದೆ. ಮೂರನೇ ಒಂದು ಭಾಗ ಮುಂಗಡ, ಇನ್ನೊಂದು ಮಾದರಿ ಒಪ್ಪಿದಾಗ, ಕೊನೆಯದು ಸೈಟ್ ತೆರೆಯುವ ಮುನ್ನ ಎಂದು ಕಾಗದದ ಮೇಲೆ ಬರೆಯಿಸಿ. ಡೊಮೇನನ್ನು ಮಾತ್ರ ಗಿರಾಕಿಯ ಹೆಸರಿನಲ್ಲೇ ಕೊಳ್ಳಿ. ಬಾಕಿಗಾಗಿ ಅದನ್ನು ಒತ್ತೆ ಇಟ್ಟುಕೊಳ್ಳುವುದು ವ್ಯಾಪಾರವಲ್ಲ. ನಂತರ ಸಣ್ಣ ಉದ್ಯಮಗಳಿಗಾಗಿ ಸರ್ಕಾರ ಮಾಡುವ ಉದ್ಯಮ್ ನೋಂದಣಿ ಮಾಡಿಸಿ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ ನೋಂದಾಯಿತ ಕಿರು ಉದ್ಯಮಕ್ಕೆ ಲಿಖಿತ ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನದಲ್ಲಿ, ಇಲ್ಲದಿದ್ದರೆ 15 ದಿನದಲ್ಲಿ ಹಣ ಬರಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ನಮ್ಮೂರಿನವರ ಮೇಲೆ, ನೆಂಟರ ಮೇಲೆ ಕಾಯ್ದೆ ಎತ್ತುವುದು ಹೇಗೆ ಎಂಬ ಸಂಕೋಚ ಸಹಜ. ಎತ್ತಬೇಕಿಲ್ಲ, ಬಿಲ್ಲಿನಲ್ಲಿ ಉದ್ಯಮ್ ಸಂಖ್ಯೆ, ಕೊನೆಯ ದಿನಾಂಕ ಮುದ್ರಿಸಿದರೆ ಸಾಕು. ಹೊತ್ತಿಗೆ ಪಾವತಿಸದ ಇಂಥ ಬಿಲ್ಲನ್ನು ಆ ವರ್ಷದ ಖರ್ಚೆಂದು ತೋರಿಸಲು 2024ರ ಏಪ್ರಿಲ್‌ನಿಂದ ಜಾರಿಯಾದ ಆದಾಯ ತೆರಿಗೆ ನಿಯಮ ಬಿಡುವುದಿಲ್ಲ. ಲೆಕ್ಕಪತ್ರ ಇಡುವ ರೆಸಾರ್ಟಿಗೆ, ಲೇಔಟ್ ಕಂಪನಿಗೆ ಇದನ್ನು ನೀವು ಹೇಳುವ ಮೊದಲೇ ಅವರ ಆಡಿಟರ್ ಹೇಳಿರುತ್ತಾರೆ.

ಉಳಿದದ್ದು ಸ್ವಂತ ಖರ್ಚು. ಹೋಸ್ಟಿಂಗ್ ಬಿಲ್ ಡಾಲರಿನಲ್ಲಿದ್ದರೆ ರೂಪಾಯಿ ಕುಸಿದಷ್ಟೂ ಲಾಭ ಕರಗುತ್ತದೆ. ರೂಪಾಯಿಯಲ್ಲಿ ಬಿಲ್ ಮಾಡುವ ಸೇವೆಗೆ ಬದಲಿಸಿ, ಇಲ್ಲವೇ ಒಪ್ಪಂದದಲ್ಲೇ ಏರಿಕೆಯ ಷರತ್ತು ಸೇರಿಸಿ. ಮೇಲೆ ಹೇಳಿದ ಉದ್ಯಮ್ ನೋಂದಣಿಗಂತೂ ಖರ್ಚೇ ಇಲ್ಲ, ಆಧಾರ್ ಮತ್ತು ಪ್ಯಾನ್ ಇದ್ದರೆ ಸಾಕು. ಸರ್ಕಾರ ಅದಕ್ಕೆ ಒಂದು ರೂಪಾಯಿಯನ್ನೂ ತೆಗೆದುಕೊಳ್ಳುವುದಿಲ್ಲ. ಶುಲ್ಕ ಕೇಳುವ ಜಾಲತಾಣ ಕಂಡರೆ ಅದು ಸರ್ಕಾರದ್ದಲ್ಲ.