ಹೊಸ ಬಲವನ್ನು ಸೂಚಿಸುವ ಇಂಗ್ಲಿಷ್ ಮಾತುಗಳು

ದಾವಣಗೆರೆಯ ವಿನೋಬನಗರದ ಬೀದಿಗಳಲ್ಲಿ ನಡೆಯುವವನಿಗೆ ಇಂಗ್ಲಿಷ್ ಬಾರದಿದ್ದರೂ ಕೆಲವು ಇಂಗ್ಲಿಷ್ ಮಾತುಗಳು ಕಿವಿಗೆ ಬೀಳದೆ ಇರವು. ಮೊಬೈಲನ್ನು ರೀಚಾರ್ಜ್ ಮಾಡಿಸಬೇಕು, ಲೈಸೆನ್ಸನ್ನು ರಿನ್ಯೂ ಮಾಡಿಸಬೇಕು, ಮುಖ ತೊಳೆದು ಫ್ರೆಶ್ ಆಗಬೇಕು ಎಂದು ಹಳ್ಳಿಯಿಂದ ಸಂತೆಗೆ ಬಂದವರೂ ಹೇಳುತ್ತಾರೆ. ಇವೆಲ್ಲವೂ ಕುಂದಿದ್ದು ಮತ್ತೆ ತುಂಬುವದನ್ನೂ ಬಳಲಿದ್ದು ಮತ್ತೆ ಬಲಗೊಳ್ಳುವದನ್ನೂ ಸೂಚಿಸುವ ಮಾತುಗಳು. ಆದರೆ ಒಂದರ ಸ್ಥಾನದಲ್ಲಿ ಇನ್ನೊಂದನ್ನು ಇಟ್ಟರೆ ಅರ್ಥವು ಕೆಡುವದು. ಕೆಲವು ಸಾರಿ ಬಡವನ ನಂಬಿಕೆಯೂ ಕೆಡುವದು. ಆದಕಾರಣ ಇವುಗಳ ಭೇದವನ್ನು ಈ ಪಾಠದಲ್ಲಿ ಕ್ರಮವಾಗಿ ವಿಚಾರಿಸುವಾ.

ಮೊದಲು ತಿಳಿಯತಕ್ಕದ್ದೇನಂದರೆ, ಇಂಥ ಹಲವು ಮಾತುಗಳ ತಲೆಯಲ್ಲಿರುವ ರಿ ಅಥವಾ ರೀ ಎಂಬದು ಲ್ಯಾಟಿನ್ ಭಾಷೆಯಿಂದ ಬಂದದ್ದು. ಅದಕ್ಕೆ ಮರಳಿ, ಮತ್ತೆ ಎಂದರ್ಥ. ನಮ್ಮಲ್ಲಿ ಮರು ಎಂಬದೂ ಪುನಃ ಎಂಬದೂ ಮಾಡುವ ಕೆಲಸವನ್ನೇ ಅದು ಮಾಡುತ್ತದೆ. ಅದನ್ನು ತೆಗೆದಿಟ್ಟು ಉಳಿದ ಭಾಗವನ್ನು ನೋಡಿದರೆ, ಕಳಕೊಂಡದ್ದು ಏನು ಎಂಬದು ತಿಳಿದುಬರುತ್ತದೆ. ಇದೇ ಈ ಪಾಠದ ಬೀಗದ ಕೈ.

೧. ರಿಫ್ರೆಶ್. ಫ್ರೆಶ್ ಎಂದರೆ ಹೊಸದು, ಬಾಡದ್ದು, ತಂಪಾದದ್ದು. ಆದಕಾರಣ ಇದು ಸ್ವಲ್ಪ ಹೊತ್ತಿನ ಬಳಲಿಕೆಗೆ ಸಲ್ಲುವ ಮಾತು. ಭದ್ರಾ ನಾಲೆಯ ಬಯಲಲ್ಲಿ ಬೆಳಗಿನಿಂದ ಬಗ್ಗಿ ಭತ್ತದ ಸಸಿ ನಟ್ಟವಳು ನೀರು ಕುಡಿದು ನೆರಳಲ್ಲಿ ಕೂತರೆ ರಿಫ್ರೆಶ್ ಆದಳು ಎನ್ನಬಹುದು. ಕನ್ನಡದಲ್ಲಿ ದಣಿವಾರಿಸಿಕೊಂಡಳು ಎನ್ನುತ್ತೇವೆ. ಆರುವದು ಎಂದರೆ ತಣಿಯುವದು. ಎರಡು ಭಾಷೆಗಳೂ ಒಂದೇ ತಂಪನ್ನು ಕಂಡಿವೆ. ಆದರೆ ರಿಫ್ರೆಶ್‌ಮೆಂಟ್ಸ್ ಎಂದು ಬಹುವಚನದಲ್ಲಿ ಬರೆದರೆ ಚಹಾ, ತಿಂಡಿ ಎಂದಷ್ಟೇ ಅರ್ಥ. ಆಮಂತ್ರಣ ಪತ್ರದಲ್ಲಿ ಹಾಗಿದ್ದರೆ ಮನೆಯಲ್ಲಿ ಉಂಡು ಹೋಗುವದು ಒಳ್ಳೇದು.

೨. ರಿಸ್ಟೋರ್. ಮೊದಲಿದ್ದ ಸ್ಥಿತಿಗೆ ತಿರಿಗಿ ತರುವದು. ಜ್ವರದಿಂದ ಸೊರಗಿದವನಿಗೆ ಆರೋಗ್ಯವು ಮರಳಿದಾಗ ಈ ಮಾತು ಸಲ್ಲುತ್ತದೆ. ಚೇತರಿಸಿಕೊಂಡನು ಎಂಬದು ನಮ್ಮ ಮಾತು. ಇದೇ ವಂಶದ ಇನ್ನೊಂದು ಮಾತು ರೆಸ್ಟೋರೆಂಟ್. ಹದಿನೆಂಟನೆಯ ಶತಮಾನದಲ್ಲಿ ಪ್ಯಾರಿಸ್ ಪಟ್ಟಣದಲ್ಲಿ ನಿತ್ರಾಣರಾದವರಿಗೆ ಬಲ ಬರಲೆಂದು ಮಾರುತ್ತಿದ್ದ ಮಾಂಸದ ಸಾರಿಗೆ ಮೊದಲು ಈ ಹೆಸರಿತ್ತು. ತರುವಾಯ ಮಾರುವ ಸ್ಥಳಕ್ಕೇ ಅದು ಅಂಟಿತು. ದಾವಣಗೆರೆಯಲ್ಲಿ ಬೆಣ್ಣೆದೋಸೆ ತಿಂದು ಬಲಗೊಂಡವರು ಈ ಮಾತಿನ ಅರ್ಥವನ್ನು ಬಾಯಿಂದಲೇ ಅರಿತಿದ್ದಾರೆ.

೩. ರೀಚಾರ್ಜ್. ಚಾರ್ಜ್ ಎಂಬದು ಗಾಡಿಗೆ ಹೇರು ಹೇರುವದು ಎಂಬರ್ಥದ ಹಳೇ ಮಾತಿನಿಂದ ಹುಟ್ಟಿತು. ಬರಿದಾದದ್ದಕ್ಕೆ ಹೊರಗಿನಿಂದ ತುಂಬುವದೇ ರೀಚಾರ್ಜ್. ಬ್ಯಾಟರಿಗೆ ಇದು ಸರಿ. ಮಳೆನೀರನ್ನು ಇಂಗಿಸಿ ಕೊಳವೆಬಾವಿಯನ್ನು ತುಂಬಿಸುವದಕ್ಕೂ ಇದು ಸರಿ. ಅದನ್ನು ಕನ್ನಡದಲ್ಲಿ ಮರುಪೂರಣ ಎನ್ನುತ್ತಾರೆ. ಮನುಷ್ಯನಿಗೂ ಉಪಮೆಯಾಗಿ ಹೇಳುವದುಂಟು. ಆದರೆ ಮನುಷ್ಯನು ಬ್ಯಾಟರಿಯಲ್ಲ. ಎನರ್ಜಿ ಡ್ರಿಂಕ್ ಎಂದು ಡಬ್ಬಿಗಳಲ್ಲಿ ಮಾರುವ ಪಾನೀಯವನ್ನು ಕುಡಿದು, ರಾತ್ರಿಯ ನಿದ್ರೆಗೆ ಬದಲಾಗಿ ಬಲ ತುಂಬಿಕೊಂಡೆವೆಂದು ಯುವಕರು ಎಣಿಸುತ್ತಾರೆ. ಅದರಲ್ಲಿರುವ ಕೆಫೀನ್ ದಣಿವಿನ ಅರಿವನ್ನು ಸ್ವಲ್ಪ ಹೊತ್ತು ಮರೆಮಾಡುವದೇ ಹೊರತು ದಣಿವನ್ನು ಕಳೆಯುವದಿಲ್ಲ. ಅದು ಸಾಲದ ಬಲ. ನಿದ್ರೆಯಿಂದಲೇ ಆ ಸಾಲವು ತೀರತಕ್ಕದ್ದು. ಮಕ್ಕಳಿಗೂ ಗರ್ಭಿಣಿಯರಿಗೂ ಹಾಲೂಡಿಸುವ ತಾಯಂದಿರಿಗೂ ಅದು ತಕ್ಕದ್ದಲ್ಲವೆಂದು ಡಬ್ಬಿಯ ಮೇಲೆಯೇ ಸಣ್ಣ ಅಕ್ಷರಗಳಲ್ಲಿ ಬರೆದಿರುತ್ತದೆ. ದೊಡ್ಡ ಅಕ್ಷರಗಳನ್ನು ಓದಬಲ್ಲ ಮಕ್ಕಳಿಗೆ ಈ ಸಣ್ಣ ಅಕ್ಷರಗಳನ್ನೂ ಓದಲು ಕಲಿಸಿರಿ.

೪. ಸೆಕೆಂಡ್ ವಿಂಡ್. ಇಲ್ಲಿ ವಿಂಡ್ ಎಂದರೆ ಬೀಸುವ ಗಾಳಿಯಲ್ಲ, ಉಸಿರು. ದೂರ ಓಡುವವನಿಗೆ ಮೊದಲು ಏದುಸಿರು ಬರುತ್ತದೆ. ನಿಲ್ಲದೆ ಓಡಿದರೆ ಕೆಲವು ಸಾರಿ ಉಸಿರು ಹದಕ್ಕೆ ಬಂದು, ಕಾಲು ಹಗುರವಾಗುತ್ತದೆ. ಗರಡಿಯಲ್ಲಿ ಸಾಧನೆ ಮಾಡಿದವರು ಇದನ್ನು ಬಲ್ಲರು. ಆದಕಾರಣ ಕೂತು ವಿಶ್ರಮಿಸಿದವನಿಗೆ ಈ ಮಾತು ಸಲ್ಲದು. ಕೆಲಸದ ನಡುವೆಯೇ ಬಂದ ಬಲಕ್ಕೆ ಮಾತ್ರ ಸಲ್ಲುವದು.

೫. ರಿನ್ಯೂ. ನ್ಯೂ ಎಂದರೆ ಹೊಸದು. ಅವಧಿ ತೀರಿದ್ದನ್ನು ಹೊಸದು ಮಾಡುವದು. ಕಬ್ಬನ್ನು ಕಡಿದ ಮೇಲೆ ಹಳೇ ಬೇರಿನಿಂದಲೇ ಕೂಳೆ ಬೆಳೆ ಏಳುವ ಹಾಗೆ, ಇಲ್ಲಿ ಬೇರು ಹಳೇದು, ಚಿಗುರು ಹೊಸದು. ನಿಂತುಹೋದ ಪ್ರಯತ್ನವನ್ನು ಒಬ್ಬನು ಹುರುಪಿನಿಂದ ತಿರಿಗಿ ಹಿಡಿದರೆ ವಿತ್ ರಿನ್ಯೂಡ್ ವಿಗರ್ ಎನ್ನುತ್ತಾರೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಹುಟ್ಟಿಸುವ ವಿದ್ಯುತ್ತಿಗೆ ರಿನ್ಯೂಏಬಲ್ ಎನರ್ಜಿ ಎಂಬ ಹೆಸರು ಬಂದದ್ದು ಯಾಕಂದರೆ, ಕಲ್ಲಿದ್ದಲು ಸುಟ್ಟರೆ ತೀರಿತು. ಗಾಳಿಯಾದರೋ ನಾಳೆಯೂ ಬೀಸುವದು.

೬. ರಿವೈವ್. ಇದರಲ್ಲಿರುವದು ಜೀವ ಎಂಬರ್ಥದ ಲ್ಯಾಟಿನ್ ಮಾತು. ಮೂರ್ಛೆ ಹೋದವನು ಕಣ್ಣು ತೆರೆದರೆ, ಮರೆತುಹೋದ ಪದ್ಧತಿ ಮತ್ತೆ ನಡೆಯತೊಡಗಿದರೆ ಈ ಮಾತು ಸಲ್ಲುವದು. ರಿವೈವಲ್ ಮೀಟಿಂಗ್ ಎಂಬದನ್ನು ನಮ್ಮ ಸಭೆಗಳಲ್ಲಿ ಉಜ್ಜೀವನ ಕೂಟ ಎನ್ನುವದೂ ಇದರಿಂದಲೇ. ಜೀವವು ಹೋದಂತಿದ್ದಲ್ಲಿ ಜೀವವು ಬಂದ ಹೊರತು ರಿವೈವ್ ಎನ್ನಬಾರದು.

ಈ ಮಾತಿನ ಭಾರವನ್ನು ನಮ್ಮ ಸೀಮೆಯವರು ಚೆನ್ನಾಗಿ ಬಲ್ಲರು. ಹತ್ತಿಯ ಗಿರಣಿಗಳಿಂದ ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರಿತ್ತು. ಹರಿಹರದಲ್ಲಿ ೧೯೪೧ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಲೇತ್ ಯಂತ್ರಗಳನ್ನು ಮಾಡಿ ಪ್ರಸಿದ್ಧವಾಯಿತು. ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಆ ಕಾರ್ಖಾನೆಯೂ ನಿಂತಿತು. ನಷ್ಟಕ್ಕೆ ಬಿದ್ದ ಉದ್ಯಮಗಳನ್ನು ಸಿಕ್, ಅಂದರೆ ರೋಗಗ್ರಸ್ತ, ಎಂದು ಭಾರತದ ೧೯೮೫ರ ಒಂದು ಕಾಯಿದೆಯೇ ಹೆಸರಿಸಿತು. ರೋಗಿಯೆಂದ ಮೇಲೆ ಚಿಕಿತ್ಸೆಯ ಮಾತೂ ಬರತಕ್ಕದ್ದೇ. ಹೀಗೆ ರಿವೈವಲ್, ಪುನಶ್ಚೇತನ ಎಂಬವು ದೇಶದ ವರ್ತಮಾನ ಪತ್ರಗಳಲ್ಲಿ ಮನೆಮಾತಾದವು. ಬಾಗಿಲು ಮುಚ್ಚಿದ ಗಿರಣಿಯ ಕೆಲಸಗಾರನಿಗೆ ಇಂಥ ಒಂದು ಮಾತು ವರುಷದ ಅನ್ನದ ಪ್ರಶ್ನೆಯಾಗಿತ್ತು. ಅದನ್ನು ನಂಬಿ ಊರಲ್ಲೇ ಕಾದಿರಬೇಕೋ, ಬೇರೆ ಕಡೆ ಕೂಲಿ ಹುಡುಕಬೇಕೋ?

ಆದಕಾರಣ ವ್ಯಾಕರಣವು ಇಲ್ಲಿ ಬರೇ ಶಾಲೆಯ ವಿಷಯವಲ್ಲ. ಮೇ ಬಿ ರಿವೈವ್ಡ್ ಎಂದರೆ ಜೀವ ಬಂದೀತು, ಅದು ಊಹೆ. ವಿಲ್ ಬಿ ರಿವೈವ್ಡ್ ಎಂದರೆ ಜೀವ ಬರುವದು. ಅದು ಭವಿಷ್ಯತ್ತಿನ ಮಾತು. ಹ್ಯಾಸ್ ಬೀನ್ ರಿವೈವ್ಡ್ ಎಂದರೆ ಜೀವ ಬಂದಿದೆ. ಇದೊಂದೇ ನಡೆದ ಸಂಗತಿ. ಮೂರರಲ್ಲಿಯೂ ದೊಡ್ಡ ಮಾತು ಒಂದೇ. ಭೇದವೆಲ್ಲ ಅದರ ಮುಂದಿರುವ ಸಣ್ಣ ಮಾತುಗಳಲ್ಲಿದೆ. ನೆರೆಯವನು ಇಂಗ್ಲಿಷ್ ಕಾಗದವನ್ನು ತಂದು ಓದಿ ಹೇಳಿರೆಂದು ಕೇಳಿಕೊಂಡರೆ, ಓದಬಲ್ಲವನು ಈ ಸಣ್ಣ ಮಾತುಗಳನ್ನು ನುಂಗದೆ ಹೇಳತಕ್ಕದ್ದು. ಬಂದೀತು ಎಂಬದನ್ನು ಬಂತು ಎಂದು ಓದಿದರೆ, ಒಂದು ಮನೆಯವರು ಬಾರದ ಸಂಬಳವನ್ನು ನಂಬಿ ಸಾಲ ಮಾಡಿಯಾರು.

ಅಭ್ಯಾಸಕ್ಕಾಗಿ ಮೂರು ಪ್ರಶ್ನೆಗಳು. ಇವುಗಳನ್ನು ಸಂಜೆ ಮನೆಯಲ್ಲಿ ಮಕ್ಕಳ ಸಂಗಡ ಕೂತು ವಿಚಾರಿಸಿರಿ.

೧. ಬತ್ತಿದ ಕೊಳವೆಬಾವಿಗೆ ರಿಫ್ರೆಶ್ ಎಂಬ ಮಾತು ಯಾಕೆ ಸಲ್ಲದು?
೨. ಕೊಯಿಲಿನ ನಡುವೆ ತಾಯಿಗೆ ಬಂದ ಹೊಸ ಬಲಕ್ಕೂ, ಉಂಡು ಮಲಗಿ ಎದ್ದ ಮೇಲೆ ಬಂದ ಬಲಕ್ಕೂ ಯಾವ ಯಾವ ಮಾತು ತಕ್ಕದ್ದು?
೩. ಮುಚ್ಚಿದ ಗಿರಣಿಯ ಕುರಿತಾದ ಒಂದು ಸುದ್ದಿಯನ್ನು ಓದಿರಿ. ಅದರಲ್ಲಿ ನಡೆದದ್ದು ಎಷ್ಟು, ನಡೆಯಬೇಕಾದದ್ದು ಎಷ್ಟು?