ಕೈ ಗೇಮ್ ಕನ್ಸೋಲ್ ಕೆಟ್ಟರೆ ಕಾನೂನಿನ ದಾರಿ ಯಾವುದು?
ಬಾಗಲಕೋಟೆ ಜಿಲ್ಲೆಯ ಗ್ರಾಹಕರ ಹಕ್ಕುಗಳು ಮತ್ತು ದೂರಿನ ಕ್ರಮ

ಪರದೆ, ಬ್ಯಾಟರಿ, ಗುಂಡಿಗಳು ಮತ್ತು ದಿಕ್ಕು ಬದಲಿಸುವ ಜಾಯ್‌ಸ್ಟಿಕ್ ಇವೆಲ್ಲವೂ ಒಂದೇ ಕವಚದೊಳಗೆ ಇದ್ದು, ಕೈಯಲ್ಲಿ ಹಿಡಿದು ಆಡಬಹುದಾದ ಯಂತ್ರವನ್ನು ಹ್ಯಾಂಡ್‌ಹೆಲ್ಡ್ ಗೇಮ್ ಕನ್ಸೋಲ್ ಎನ್ನುತ್ತಾರೆ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನಂಥ ಊರುಗಳಿಗೆ ಇವು ಎರಡು ಬಗೆಯಲ್ಲಿ ಬರುತ್ತವೆ: ಒಂದು, ಬನದ ಹುಣ್ಣಿಮೆಯ ಬನಶಂಕರಿ ಜಾತ್ರೆಯಂಥ ಸಂದರ್ಭಗಳ ಅಂಗಡಿಗಳಲ್ಲಿ ಮತ್ತು ಪೇಟೆಯ ಮೊಬೈಲ್ ಅಂಗಡಿಗಳಲ್ಲಿ ಸಿಗುವ, ನೂರಾರು ಆಟಗಳನ್ನು ತುಂಬಿಟ್ಟ ಅಗ್ಗದ 'ವಿಡಿಯೊ ಗೇಮ್'ಗಳು, ಇನ್ನೊಂದು, ಆನ್‌ಲೈನ್ ಮಾರಾಟ ತಾಣಗಳ ಮೂಲಕ ತರಿಸಿಕೊಳ್ಳುವ, ಹತ್ತಾರು ಸಾವಿರ ರೂಪಾಯಿ ಬೆಲೆಯ ಕಂಪನಿ ಯಂತ್ರಗಳು. ಬೆಲೆಯಲ್ಲಿ ಇವೆರಡರ ನಡುವೆ ಎಷ್ಟೇ ಅಂತರವಿದ್ದರೂ ಗ್ರಾಹಕರ ಸಂರಕ್ಷಣಾ ಅಧಿನಿಯಮ, 2019 ಇವುಗಳನ್ನು ಒಂದೇ ಕಣ್ಣಿನಿಂದ ನೋಡುತ್ತದೆ. ಹಣ ಕೊಟ್ಟು ಕೊಂಡ ಸರಕಿನಲ್ಲಿ ದೋಷವಿದ್ದರೆ ಅದನ್ನು ಸರಿಪಡಿಸಿಕೊಳ್ಳುವ, ಬದಲಾಯಿಸಿಕೊಳ್ಳುವ ಅಥವಾ ಹಣ ಮರಳಿ ಪಡೆಯುವ ಹಕ್ಕು ಗ್ರಾಹಕನಿಗಿದೆ. ಆ ಹಕ್ಕನ್ನು ಚಲಾಯಿಸಲು ಆತ ತನ್ನ ಜಿಲ್ಲೆಯನ್ನು ಬಿಟ್ಟು ಹೋಗಬೇಕಾಗಿಯೂ ಇಲ್ಲ.

ದೋಷ ಯಾವುದು, ಸವಕಳಿ ಯಾವುದು?

ಅಧಿನಿಯಮದ 2(10)ನೆಯ ಕಲಮಿನ ಪ್ರಕಾರ 'ದೋಷ' ಎಂದರೆ ಯಾವುದೇ ಕಾನೂನಿನ ಅಥವಾ ಕರಾರಿನ ಮೇರೆಗೆ, ಇಲ್ಲವೆ ಮಾರಾಟಗಾರನೇ ಹೇಳಿಕೊಂಡ ಮಾತಿನ ಮೇರೆಗೆ ಇರಬೇಕಾದ ಗುಣಮಟ್ಟದಲ್ಲಿ ಕಂಡುಬರುವ ಕೊರತೆ. ಇಲ್ಲಿ 'ಕರಾರು' ಎಂಬುದು ಬರೆದುಕೊಟ್ಟ ಷರತ್ತುಗಳಿಗಷ್ಟೇ ಸೀಮಿತವಲ್ಲ. ಬರೆಯದಿದ್ದರೂ ಎರಡೂ ಕಡೆಯವರು ಒಪ್ಪಿಕೊಂಡಂತೆ ಭಾವಿಸಲಾಗುವ ಷರತ್ತುಗಳೂ ಅದರಲ್ಲಿ ಸೇರುತ್ತವೆ. ಸರಕು ಮಾರಾಟ ಅಧಿನಿಯಮ, 1930ರ 16ನೆಯ ಕಲಮು, ಅಂಥ ಸರಕಿನ ವ್ಯಾಪಾರ ಮಾಡುವವನಿಂದ ವಿವರಣೆ ನೋಡಿ ಕೊಂಡ ವಸ್ತು ಮಾರಾಟಯೋಗ್ಯ ಗುಣಮಟ್ಟದ್ದಾಗಿರಬೇಕು ಎಂದು ವಿಧಿಸುತ್ತದೆ. ಕೊಳ್ಳುವಾಗ ಪರೀಕ್ಷಿಸಿ ನೋಡಿದ್ದರೂ ಆಗ ಕಣ್ಣಿಗೆ ಬೀಳಲು ಸಾಧ್ಯವಿಲ್ಲದ ಒಳದೋಷಕ್ಕೆ ಮಾರಿದವನ ಹೊಣೆ ತಪ್ಪುವುದಿಲ್ಲ.

ಕನ್ಸೋಲಿನ ಮಟ್ಟಿಗೆ ಈ ವ್ಯಾಖ್ಯೆಯನ್ನು ಅನ್ವಯಿಸಿದರೆ, ಕೆಲವೇ ತಿಂಗಳಲ್ಲಿ ಬ್ಯಾಟರಿ ಉಬ್ಬುವುದು, ಒತ್ತಿದ ಗುಂಡಿ ಮೇಲೇಳದಿರುವುದು, ಚಾರ್ಜಿಂಗ್ ಕಿಂಡಿ ಸಡಿಲವಾಗುವುದು, ಪರದೆಯಲ್ಲಿ ಸತ್ತ ಚುಕ್ಕೆಗಳು ಕಾಣಿಸುವುದು, ಹೇಳಿದಷ್ಟು ಸಂಗ್ರಹ ಸಾಮರ್ಥ್ಯ ಇಲ್ಲದಿರುವುದು ಇವೆಲ್ಲ ದೋಷದ ಎಣಿಕೆಗೆ ಬರಬಲ್ಲವು. ಆದರೆ ಕವಚದ ಪ್ಲಾಸ್ಟಿಕ್ ಅಗ್ಗದ್ದೆನಿಸುತ್ತದೆ, ಹಿಡಿತ ಹಿತವಾಗಿಲ್ಲ ಎಂಬಂಥ ಅಸಮಾಧಾನ, ಮಾರಾಟಗಾರ ಅದಕ್ಕೆ ವಿರುದ್ಧವಾದ ಭರವಸೆ ಕೊಟ್ಟಿರದಿದ್ದರೆ, ದೋಷವಾಗುವುದಿಲ್ಲ. ಕೆಳಗೆ ಬಿದ್ದು ಒಡೆದದ್ದು, ನೀರು ಹೊಕ್ಕು ಕೆಟ್ಟದ್ದು, ಬಳಕೆದಾರನೇ ಬಿಚ್ಚಿ ಹಾಳುಮಾಡಿದ್ದು ಕೂಡ ಈ ವ್ಯಾಪ್ತಿಯ ಹೊರಗೇ ಉಳಿಯುತ್ತವೆ.

ದೋಷ ಮತ್ತು ಸವಕಳಿಯ ನಡುವಿನ ಗೆರೆ ಎಷ್ಟು ತೆಳುವಾದುದು ಎಂಬುದಕ್ಕೆ ಜಗತ್ತಿನಲ್ಲೆಲ್ಲ ಚರ್ಚೆಯಾದ ಉದಾಹರಣೆಯೆಂದರೆ 2017ರ ಮಾರ್ಚ್ 3ರಂದು ಮಾರುಕಟ್ಟೆಗೆ ಬಂದ ನಿಂಟೆಂಡೊ ಸ್ವಿಚ್. ಅದರ 'ಜಾಯ್‌ಕಾನ್' ಹಿಡಿಕೆಗಳ ಕಡ್ಡಿಯನ್ನು ಮುಟ್ಟದಿದ್ದರೂ ಪರದೆಯ ಮೇಲಿನ ಪಾತ್ರ ತಾನಾಗಿ ಸರಿಯತೊಡಗುವ ತೊಂದರೆಗೆ 'ಡ್ರಿಫ್ಟ್' ಎಂಬ ಹೆಸರು ಬಂತು. ಕಡ್ಡಿಯ ಚಲನೆಯನ್ನು ಅಳೆಯುವ ಪಟ್ಟಿಯ ಮೇಲಿನ ಇಂಗಾಲದ ಲೇಪ ತಿಕ್ಕಾಟದಿಂದ ಸವೆಯುವುದು, ಒಳಗೆ ಧೂಳು ಸೇರುವುದು ಇದಕ್ಕೆ ಕಾರಣಗಳೆಂದು ಗುರುತಿಸಲಾಯಿತು. ಅಮೆರಿಕದಲ್ಲಿ 2019ರಲ್ಲಿ ಬಳಕೆದಾರರು ಸಾಮೂಹಿಕ ದಾವೆ ಹೂಡಿದರು. ಯುರೋಪಿನ ಗ್ರಾಹಕ ಸಂಘಗಳ ಒಕ್ಕೂಟ ಸುಮಾರು 25,000 ದೂರುಗಳನ್ನು ಆಧರಿಸಿ 2021ರ ಜನವರಿಯಲ್ಲಿ ಯುರೋಪಿಯನ್ ಆಯೋಗದ ಬಾಗಿಲು ತಟ್ಟಿತು. 2023ರಲ್ಲಿ ಕಂಪನಿಯು ವಾರಂಟಿ ಮುಗಿದಿದ್ದರೂ ಯುರೋಪಿನ ಗ್ರಾಹಕರಿಗೆ ಈ ತೊಂದರೆಯನ್ನು ಉಚಿತವಾಗಿ ಸರಿಪಡಿಸಿಕೊಡಲು ಮುಂದಾಯಿತು. ಒಬ್ಬನ ಯಂತ್ರ ಕೆಟ್ಟರೆ ಬಳಕೆಯ ತಪ್ಪೆಂದು ತಳ್ಳಿಹಾಕಬಹುದು, ಆದರೆ ಒಂದೇ ಭಾಗ ಸಾವಿರಾರು ಜನರ ಕೈಯಲ್ಲಿ ಒಂದೇ ರೀತಿ ಕೆಟ್ಟರೆ ಅದು ತಯಾರಿಕೆಯ ಕಡೆಗೇ ಬೊಟ್ಟುಮಾಡುತ್ತದೆ ಎಂಬ ತರ್ಕವನ್ನು ಭಾರತದ ದೂರುದಾರರೂ ಮುಂದಿಡಬಹುದು.

ಕೊಳ್ಳುವ ಮೊದಲೇ ನೋಡಬೇಕಾದದ್ದು

ನಿಂಟೆಂಡೊ ಕಂಪನಿಯು ಸ್ವಿಚ್ ಯಂತ್ರವನ್ನು ಭಾರತದಲ್ಲಿ ಅಧಿಕೃತವಾಗಿ ಬಿಡುಗಡೆ ಮಾಡಿರಲಿಲ್ಲ; ಇಲ್ಲಿ ಅದು ಸಿಕ್ಕದ್ದು ಖಾಸಗಿ ಆಮದುದಾರರ ಮೂಲಕ. ಹೀಗೆ ತಯಾರಕನ ಏರ್ಪಾಟಿನ ಹೊರಗೆ ದೇಶದೊಳಗೆ ಬರುವ ಸರಕಿಗೆ ಕಂಪನಿಯ ವಾರಂಟಿ ಇಲ್ಲಿ ನಡೆಯದೆ ಹೋಗಬಹುದಾದ್ದರಿಂದ, ವಾರಂಟಿ ಕೊಡುವವರು ತಯಾರಕರೋ ಆಮದುದಾರರೋ ಅಂಗಡಿಯವರೋ ಎಂಬುದನ್ನು ಹಣ ಕೊಡುವ ಮೊದಲೇ ಬರವಣಿಗೆಯಲ್ಲಿ ತಿಳಿದುಕೊಳ್ಳುವುದು ಒಳಿತು. ಪೊಟ್ಟಣದ ಸರಕುಗಳ ಬಗೆಗಿನ ಕಾನೂನು ಮಾಪನಶಾಸ್ತ್ರ ನಿಯಮಗಳು, 2011ರ ಪ್ರಕಾರ ಪೆಟ್ಟಿಗೆಯ ಮೇಲೆ ತಯಾರಕನ ಅಥವಾ ಆಮದುದಾರನ ಹೆಸರು ಮತ್ತು ವಿಳಾಸ, ಗರಿಷ್ಠ ಮಾರಾಟ ಬೆಲೆ, ದೂರು ಹೇಳಿಕೊಳ್ಳಲು ಸಂಪರ್ಕದ ವಿವರ, ಆಮದಾದದ್ದಾದರೆ ಮೂಲ ದೇಶದ ಹೆಸರು ಇರಬೇಕು. ಇದಲ್ಲದೆ ಭಾರತೀಯ ಮಾನಕ ಬ್ಯೂರೊದಲ್ಲಿ ಕಡ್ಡಾಯವಾಗಿ ನೋಂದಣಿಯಾಗಬೇಕಾದ ಎಲೆಕ್ಟ್ರಾನಿಕ್ ಸರಕುಗಳ ಬಗ್ಗೆ ಕೇಂದ್ರ ಸರ್ಕಾರ 2012ರಲ್ಲಿ ಹೊರಡಿಸಿದ ಆದೇಶದ ಮೊದಲ ಪಟ್ಟಿಯಲ್ಲೇ ವಿಡಿಯೊ ಗೇಮ್‌ಗಳು ಸೇರಿದ್ದವು. ಒಯ್ಯಬಹುದಾದ ಉಪಕರಣಗಳ ಬ್ಯಾಟರಿಗಳನ್ನು ಅನಂತರ ಸೇರಿಸಲಾಯಿತು. ಯಂತ್ರದ ಮೇಲಿನ 'ಆರ್' ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ನಿಜವೋ ಸುಳ್ಳೋ ಎಂಬುದನ್ನು ಬ್ಯೂರೊದ 'ಬಿಐಎಸ್ ಕೇರ್' ಆ್ಯಪ್‌ನಲ್ಲಿ ಯಾರು ಬೇಕಾದರೂ ನೋಡಬಹುದು.

ಜಾತ್ರೆಯ ಸರಕಿನಲ್ಲಿ ಇವುಗಳಲ್ಲಿ ಯಾವುದೂ ಇಲ್ಲದಿರುವುದುಂಟು, ಬಿಲ್ ಕೇಳಿದರೆ ಕೊಡದಿರುವುದೂ ಉಂಟು. ಮಾರಿದ ಸರಕಿಗೆ ಬಿಲ್ ಅಥವಾ ರಸೀದಿ ಕೊಡದಿರುವುದನ್ನು 2019ರ ಅಧಿನಿಯಮ 'ಅನುಚಿತ ವ್ಯಾಪಾರ ಪದ್ಧತಿ', ಅಂದರೆ ಮೋಸದ ಅಥವಾ ನ್ಯಾಯವಲ್ಲದ ವ್ಯಾಪಾರದ ನಡವಳಿಕೆ, ಎಂದು ಹೆಸರಿಸಿದೆ. ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅಂಥ ಅವಧಿಯನ್ನು ಹೇಳಿರದಿದ್ದರೆ 30 ದಿನಗಳೊಳಗೆ, ಹಿಂದಕ್ಕೆ ಪಡೆಯಲು ಅಥವಾ ಹಣ ಮರಳಿಸಲು ಒಪ್ಪದಿರುವುದೂ ಅದೇ ಪಟ್ಟಿಯಲ್ಲಿದೆ. ಹೀಗಾಗಿ 'ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ' ಎಂದು ಬಿಲ್ಲಿನ ಕೆಳಗೆ ಅಚ್ಚು ಹಾಕಿಸಿದ ಮಾತ್ರಕ್ಕೆ ದೋಷಪೂರಿತ ಸರಕಿನ ಹೊಣೆಯಿಂದ ಅಂಗಡಿಯವರು ಪಾರಾಗುವುದಿಲ್ಲ.

ಗ್ರಾಹಕ ಯಾರು, ಹೊಣೆ ಯಾರದು?

ಹಣ ಕೊಟ್ಟವನಷ್ಟೇ ಅಲ್ಲದೆ ಆತನ ಒಪ್ಪಿಗೆಯಿಂದ ಸರಕನ್ನು ಬಳಸುವವನೂ ಗ್ರಾಹಕನೇ. ಆದ್ದರಿಂದ ತಂದೆ ಕೊಂಡ ಯಂತ್ರದಲ್ಲಿ ಆಡುವ ಮಗು ಸಹ ಗ್ರಾಹಕ, ಮತ್ತು ಮಗು ಅಪ್ರಾಪ್ತವಾಗಿದ್ದರೆ ಅದರ ಪರವಾಗಿ ತಂದೆ, ತಾಯಿ ಅಥವಾ ಕಾನೂನುಬದ್ಧ ಪೋಷಕರು ದೂರು ಕೊಡಬಹುದು. ಮರುಮಾರಾಟಕ್ಕೆ ಅಥವಾ ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಗ್ರಾಹಕರಲ್ಲ. ಆದರೆ ಇಳಕಲ್ಲಿನಲ್ಲೋ ಹುನಗುಂದದಲ್ಲೋ ಒಂದೆರಡು ಯಂತ್ರಗಳನ್ನಿಟ್ಟುಕೊಂಡು ಸ್ವಂತ ದುಡಿಮೆಯಿಂದಲೇ ಗೇಮ್ ಅಂಗಡಿ ನಡೆಸಿ ಹೊಟ್ಟೆ ಹೊರೆಯುವವರು, ಅದು ಸ್ವಯಂ ಉದ್ಯೋಗದ ಜೀವನೋಪಾಯವೆಂದು ತೋರಿಸಿದರೆ, ಗ್ರಾಹಕರೆಂದೇ ಪರಿಗಣಿತರಾಗುತ್ತಾರೆ.

ಯಂತ್ರ ತಾನು ಕೆಡುವುದು ಒಂದು ಮಾತು, ಕೆಟ್ಟ ಯಂತ್ರ ಬಳಸುವವರಿಗೆ ಹಾನಿ ಮಾಡುವುದು ಬೇರೆ ಮಾತು. ಚಾರ್ಜಿಗೆ ಹಾಕಿದ ಬ್ಯಾಟರಿ ಹೊತ್ತಿಕೊಂಡು ಮಗುವಿನ ಕೈ ಸುಟ್ಟರೆ ಅಥವಾ ಮನೆಯ ಬೇರೆ ವಸ್ತುಗಳು ಹಾಳಾದರೆ, ಅಧಿನಿಯಮದ ಆರನೆಯ ಅಧ್ಯಾಯದ 82ರಿಂದ 87ನೆಯ ಕಲಮುಗಳು ಹೇಳುವ 'ಉತ್ಪನ್ನ ಹೊಣೆಗಾರಿಕೆ' ಅನ್ವಯವಾಗುತ್ತದೆ. ದೋಷಪೂರಿತ ಉತ್ಪನ್ನದಿಂದ ದೇಹಕ್ಕೆ, ಮನಸ್ಸಿಗೆ ಅಥವಾ ಬೇರೆ ಆಸ್ತಿಗೆ ಆದ ಹಾನಿಯನ್ನು ತುಂಬಿಕೊಡುವ ಬಾಧ್ಯತೆಯೇ ಉತ್ಪನ್ನ ಹೊಣೆಗಾರಿಕೆ. ಇಂಥ ಪ್ರಕರಣಗಳಲ್ಲಿ ತಯಾರಕ ಯಾರೆಂದು ತಿಳಿಯದಿದ್ದರೆ ಅಥವಾ ಹೊರದೇಶದಲ್ಲಿರುವ ಆತನಿಗೆ ನೋಟಿಸ್ ಮುಟ್ಟಿಸಲಾಗದಿದ್ದರೆ ಮಾರಿದವನನ್ನೇ ಹೊಣೆಯಾಗಿಸಲು 86ನೆಯ ಕಲಮು ಅವಕಾಶ ಕೊಡುತ್ತದೆ. ಹೆಸರು, ಊರು ಇಲ್ಲದ ಆಮದು ಸರಕನ್ನು ಮಾರುವವರು ಇದನ್ನು ಮುಖ್ಯವಾಗಿ ಅರಿತಿರಬೇಕು. ಯಂತ್ರವನ್ನು ತಿದ್ದಿ ಅಥವಾ ದುರ್ಬಳಕೆ ಮಾಡಿ ಹಾನಿ ತಂದುಕೊಂಡವರಿಗೆ ಮಾತ್ರ 87ನೆಯ ಕಲಮು ಈ ರಕ್ಷಣೆಯನ್ನು ನಿರಾಕರಿಸುತ್ತದೆ.

ದೂರಿನ ಹಂತಗಳು

ಕಾನೂನು ಎಷ್ಟೇ ಗ್ರಾಹಕನ ಪರವಾಗಿದ್ದರೂ ದಾಖಲೆಯಿಲ್ಲದ ದೂರು ನಿಲ್ಲುವುದಿಲ್ಲ. ಆ ಕಾರಣ ಕ್ರಮ ಹೀಗಿದ್ದರೆ ಅನುಕೂಲ:

1. ದಾಖಲೆ: ಬಿಲ್, ವಾರಂಟಿ ಕಾರ್ಡ್, ಪೆಟ್ಟಿಗೆ, ಹಣ ಪಾವತಿಯ ಸಂದೇಶ ಇವುಗಳನ್ನು ಕಾದಿಡಬೇಕು. ಪಾರ್ಸೆಲ್ ಬಿಚ್ಚುವಾಗಲೇ ವಿಡಿಯೊ ಮಾಡಿ, ಬಿಲ್ಲಿನಲ್ಲಿರುವ ಸೀರಿಯಲ್ ಸಂಖ್ಯೆಯೂ ಯಂತ್ರದ ಮೇಲಿನ ಸಂಖ್ಯೆಯೂ ಒಂದೇ ಎಂದು ಖಚಿತಪಡಿಸಿಕೊಳ್ಳಬೇಕು. ಡ್ರಿಫ್ಟ್‌ನಂಥ ಬಂದು ಹೋಗುವ ತೊಂದರೆಯನ್ನು ಕಂಡಾಗಲೇ ಚಿತ್ರೀಕರಿಸಬೇಕು.

2. ಲಿಖಿತ ದೂರು: ಅಂಗಡಿಗೂ ಸರ್ವಿಸ್ ಸೆಂಟರಿಗೂ ಬಾಯಿಮಾತಿನಲ್ಲಿ ಹೇಳಿದರೆ ಸಾಲದು, ಇಮೇಲ್ ಅಥವಾ ನೋಂದಾಯಿತ ಅಂಚೆಯಲ್ಲಿ ತಿಳಿಸಿ, ರಿಪೇರಿಗೆ ಕೊಟ್ಟಾಗ ಜಾಬ್ ಶೀಟ್ ಪಡೆಯಬೇಕು. ಆನ್‌ಲೈನ್ ಖರೀದಿಯಾದರೆ ಇ-ವಾಣಿಜ್ಯ ನಿಯಮಗಳು, 2020ರ ಪ್ರಕಾರ ಮಾರಾಟ ತಾಣದ ಕುಂದುಕೊರತೆ ಅಧಿಕಾರಿ 48 ಗಂಟೆಗಳೊಳಗೆ ದೂರಿನ ಸ್ವೀಕೃತಿ ಕೊಟ್ಟು, ಒಂದು ತಿಂಗಳೊಳಗೆ ಅದನ್ನು ಬಗೆಹರಿಸಬೇಕು.

3. ಸಹಾಯವಾಣಿ: ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ನೋಂದಾಯಿಸಬಹುದು. ಇದು ತೀರ್ಪು ಕೊಡುವ ಸಂಸ್ಥೆಯಲ್ಲ, ಕಂಪನಿಯೊಂದಿಗೆ ಮಾತಾಡಿ ರಾಜಿಗೆ ಯತ್ನಿಸುವ ವ್ಯವಸ್ಥೆ.

4. ನೋಟಿಸ್: ಗ್ರಾಹಕರ ಆಯೋಗಕ್ಕೆ ಹೋಗುವ ಮೊದಲು ಎದುರು ಪಕ್ಷಕ್ಕೆ ಗಡುವು ಕೊಟ್ಟು ನೋಟಿಸ್ ಕಳಿಸುವುದು ರೂಢಿ, ಅದನ್ನು ವಕೀಲರೇ ಬರೆಯಬೇಕೆಂದಿಲ್ಲ.

5. ಆಯೋಗಕ್ಕೆ ದೂರು: ಇವಾವುದೂ ಫಲಿಸದಿದ್ದರೆ ಬಾಗಲಕೋಟೆಯ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸಬಹುದು. ಇದಕ್ಕೆ ದೂರಿನ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷಗಳ ಕಾಲಮಿತಿಯಿದೆ. ಕಂಪನಿಯೊಂದಿಗೆ ಪತ್ರವ್ಯವಹಾರ ನಡೆಯುತ್ತಿದೆ ಎಂಬ ಕಾರಣದಿಂದ ಆ ಅವಧಿ ಹಿಗ್ಗುವುದಿಲ್ಲ.

ಆಯೋಗದಲ್ಲಿ ನಡೆಯುವುದು

1986ರ ಹಳೆಯ ಅಧಿನಿಯಮದಲ್ಲಿ ಎದುರುದಾರ ಇರುವ ಅಥವಾ ದೂರಿನ ಕಾರಣ ಹುಟ್ಟಿದ ಸ್ಥಳದ ಆಯೋಗಕ್ಕೆ ಹೋಗಬೇಕಿತ್ತು. 2019ರ ಅಧಿನಿಯಮದ 34ನೆಯ ಕಲಮು ದೂರುದಾರ ವಾಸಿಸುವ ಅಥವಾ ದುಡಿಯುವ ಸ್ಥಳದ ಆಯೋಗಕ್ಕೂ ಅಧಿಕಾರ ಕೊಟ್ಟಿದೆ. ಮಾರಿದ ಕಂಪನಿಯ ಕಚೇರಿ ಬೆಂಗಳೂರಿನಲ್ಲಿರಲಿ, ಗುರುಗ್ರಾಮದಲ್ಲಿರಲಿ, ಬಾದಾಮಿಯ ಗ್ರಾಹಕ ಬಾಗಲಕೋಟೆಯಲ್ಲೇ ದೂರು ಕೊಡಬಹುದು. ದುಡಿಯಲು ಗೋವಾಕ್ಕೋ ಮಂಗಳೂರಿಗೋ ಹೋದವರು ಅಲ್ಲಿಯ ಆಯೋಗವನ್ನೂ ಆರಿಸಿಕೊಳ್ಳಬಹುದು. ಸರಕಿಗೆ ಕೊಟ್ಟ ಬೆಲೆ 50 ಲಕ್ಷ ರೂಪಾಯಿ ಮೀರದ ಪ್ರಕರಣಗಳು ಜಿಲ್ಲಾ ಆಯೋಗದ ವ್ಯಾಪ್ತಿಗೆ ಬರುತ್ತವೆ. ಆ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕವೇ ಇಲ್ಲ. ಗೇಮ್ ಕನ್ಸೋಲಿನ ಯಾವ ದೂರಿಗೂ ಆದ್ದರಿಂದ ಶುಲ್ಕ ಬೀಳಲಾರದು. ದೂರುದಾರ ವಕೀಲರಿಲ್ಲದೆ ತಾನೇ ವಾದಿಸಬಹುದು. 2025ರ ಜನವರಿ 1ರಂದು ಆರಂಭವಾದ 'ಇ-ಜಾಗೃತಿ' ಜಾಲತಾಣದ ಮೂಲಕ ಮನೆಯಿಂದಲೇ ದೂರು ಸಲ್ಲಿಸಬಹುದು. ಕೋರಿಕೊಂಡರೆ ವಿಡಿಯೊ ಮೂಲಕ ವಿಚಾರಣೆಗೆ ಹಾಜರಾಗಲು ಆಯೋಗ ಅನುಮತಿ ಕೊಡಬಹುದು. ವಕೀಲರ ನೆರವು ಬೇಕೆನಿಸಿದ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಡಿಮೆ ಆದಾಯದವರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಅಥವಾ ತಾಲ್ಲೂಕು ಸಮಿತಿಯಿಂದ ಉಚಿತ ನೆರವು ಕೇಳಬಹುದು. ಅದರ ಸಹಾಯವಾಣಿ 15100.

ದೂರು ಬಂದ ಮೇಲೆ ಅದನ್ನು ಸ್ವೀಕರಿಸಬೇಕೇ ಎಂಬುದನ್ನು ಆಯೋಗ ಸಾಮಾನ್ಯವಾಗಿ 21 ದಿನಗಳೊಳಗೆ ತೀರ್ಮಾನಿಸುತ್ತದೆ. ನೋಟಿಸ್ ಪಡೆದ ಎದುರುದಾರ 30 ದಿನಗಳೊಳಗೆ, ಆಯೋಗ ಒಪ್ಪಿದರೆ ಇನ್ನೂ 15 ದಿನಗಳೊಳಗೆ, ಉತ್ತರ ಸಲ್ಲಿಸಬೇಕು. 45 ದಿನಗಳ ಈ ಗಡುವನ್ನು ಅದರಾಚೆ ಹಿಗ್ಗಿಸಲಾಗದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಹಿಂದಿನ ಅಧಿನಿಯಮದ ಇಂಥದೇ ನಿಬಂಧನೆಯ ಕುರಿತು, 2020ರ ಮಾರ್ಚ್ 4ರಂದು ತೀರ್ಪಿತ್ತಿದೆ. ಕನ್ಸೋಲಿನ ವಿವಾದಗಳಲ್ಲಿ ನಿರ್ಣಾಯಕವಾದ ಘಟ್ಟ ಬರುವುದು ಇದರ ನಂತರ: ಒಳದೋಷ ಬರಿಗಣ್ಣಿಗೆ ಕಾಣದಿದ್ದರೆ ಆಯೋಗ ಯಂತ್ರವನ್ನು ಮೊಹರು ಮಾಡಿ ಸೂಕ್ತ ಪ್ರಯೋಗಾಲಯಕ್ಕೆ ಕಳಿಸಿ, 45 ದಿನಗಳೊಳಗೆ ವರದಿ ತರಿಸಬಹುದು; ಪರೀಕ್ಷೆಯ ಶುಲ್ಕವನ್ನು ದೂರುದಾರ ಮೊದಲು ಕಟ್ಟಬೇಕಾಗುತ್ತದೆ. 'ತಯಾರಿಕಾ ದೋಷ' ಎಂದು ಹೇಳಿ ಅದಕ್ಕೆ ತಜ್ಞರ ವರದಿ ಒದಗಿಸದ ದೂರುಗಳು ಬಿದ್ದುಹೋಗುವ ಸಂಭವ ಹೆಚ್ಚು. ಆದ್ದರಿಂದ ಕೆಟ್ಟ ಯಂತ್ರವನ್ನು ಊರಿನ ರಿಪೇರಿಯವರಿಂದ ಬಿಚ್ಚಿಸದೆ ಇದ್ದಂತೆಯೇ ಇಡುವುದು ಜಾಣತನ. ಪರೀಕ್ಷೆ ಬೇಡವಾದ ಪ್ರಕರಣಗಳನ್ನು ಮೂರು ತಿಂಗಳಲ್ಲಿ, ಬೇಕಾದವನ್ನು ಐದು ತಿಂಗಳಲ್ಲಿ ಮುಗಿಸಬೇಕೆಂಬುದು ಕಾನೂನಿನ ಆಶಯ. ಎರಡೂ ಕಡೆಯವರು ಒಪ್ಪಿದರೆ ಮಧ್ಯಸ್ಥಿಕೆಯಲ್ಲೂ ವಿವಾದ ಬಗೆಹರಿಯಬಹುದು.

ದೋಷ ಸಾಬೀತಾದರೆ 39ನೆಯ ಕಲಮಿನ ಮೇರೆಗೆ ಅದನ್ನು ಸರಿಪಡಿಸಲು, ಹೊಸ ಯಂತ್ರ ಕೊಡಲು, ಬೆಲೆಯನ್ನು ಬಡ್ಡಿಸಹಿತ ಮರಳಿಸಲು, ನಷ್ಟ ಪರಿಹಾರ ಮತ್ತು ದಾವೆಯ ಖರ್ಚು ಕೊಡಲು ಆಯೋಗ ಆದೇಶಿಸಬಹುದು. ಒಪ್ಪಿಗೆಯಾಗದವರು 45 ದಿನಗಳೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು. ಹಣ ಕೊಡಬೇಕೆಂಬ ಆದೇಶ ಹೊತ್ತವರು ಅದರ ಅರ್ಧ ಮೊತ್ತವನ್ನು ಠೇವಣಿ ಇಟ್ಟೇ ಮೇಲ್ಮನವಿ ಹಾಕಬೇಕು. ಆದೇಶವನ್ನು ಪಾಲಿಸದವರಿಗೆ 72ನೆಯ ಕಲಮಿನಡಿ ಒಂದು ತಿಂಗಳಿಗೆ ಕಡಿಮೆಯಿಲ್ಲದ, ಮೂರು ವರ್ಷಗಳವರೆಗಿನ ಸೆರೆವಾಸ, ಅಥವಾ 25,000 ರೂಪಾಯಿಗೆ ಕಡಿಮೆಯಿಲ್ಲದ, ಒಂದು ಲಕ್ಷದವರೆಗಿನ ದಂಡ, ಅಥವಾ ಎರಡನ್ನೂ ವಿಧಿಸಬಹುದು.

ಮಕ್ಕಳ ಆಟದ ಸಾಮಾನೆಂಬ ಕಾರಣಕ್ಕೆ ಕೆಟ್ಟ ಕನ್ಸೋಲನ್ನು ಮೂಲೆಗೆ ಎಸೆದು ಸುಮ್ಮನಾಗುವುದರಿಂದ ಕಳಪೆ ಸರಕಿನ ವ್ಯಾಪಾರಕ್ಕೇ ಲಾಭ. ಶುಲ್ಕವಿಲ್ಲದೆ, ತಮ್ಮ ಜಿಲ್ಲೆಯಲ್ಲೇ, ತಾವೇ ಬರೆದು ಕೊಡಬಹುದಾದ ದೂರಿನ ಹಕ್ಕನ್ನು ಬಾಗಲಕೋಟೆ ಜಿಲ್ಲೆಯ ಗ್ರಾಹಕರು ಬಳಸಿಕೊಳ್ಳಬೇಕು. ಅದರ ಮೊದಲ ಹೆಜ್ಜೆಯಾಗಿ, ಜಾತ್ರೆಯಲ್ಲಾಗಲಿ ಪೇಟೆಯಲ್ಲಾಗಲಿ, ಬಿಲ್ ಪಡೆಯದೆ ಹಣ ಕೊಡಬಾರದು.